ಕ್ಯಾಮೆರಾ ಡ್ರೈವರ್ ಹುಡುಕುವ ಮೊದಲು ಈ ಐದು ಅಕ್ಷರ ಟೈಪ್ ಮಾಡಿ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡೆವು, ಆರೇಳು ವರ್ಷ ಹಳೆಯದು. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ ಅಂತ ಮಗ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಮೂರು ತಿಂಗಳು ಕ್ಯಾಮೆರಾ ಚೆನ್ನಾಗಿತ್ತು, ದಿನಾ ಸಂಜೆ ಮೊಮ್ಮಗಳ ಜೊತೆ ಮಾತಾಡುತ್ತಿದ್ದೆವು. ಮಳೆಗಾಲ ಶುರುವಾದ ಮೇಲೆ 'ಕ್ಯಾಮೆರಾ ಸಿಗಲಿಲ್ಲ' ಅಂತ ಬರುತ್ತಿದೆ. ಪರದೆಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಒಮ್ಮೊಮ್ಮೆ ಬರುತ್ತದೆ. ಬಂದರೂ ಚಿತ್ರ ತಡೆದು ತಡೆದು ಓಡುತ್ತದೆ, ಮೇಲಿಂದ ಕೆಳಗೆ ಕಪ್ಪು ಪಟ್ಟಿ ಜಾರುತ್ತದೆ. ರಿಪೇರಿ ಅಂಗಡಿಯವರು 'ಲಿನಕ್ಸ್‌ಗೆ ಕ್ಯಾಮೆರಾ ಡ್ರೈವರ್ ಇಲ್ಲ, ವಿಂಡೋಸ್ ಹಾಕಿಸಿ' ಅಂದರು. ಡ್ರೈವರ್ ಎಲ್ಲಿ ಸಿಗುತ್ತದೆ? ಕಾಲೇಜಿಗೆ ಹೋಗುವ ಕಿರಿಮಗಳಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸಬೇಕು. ಅದಕ್ಕೂ ಲಿನಕ್ಸ್ ಹಾಕಿಕೊಳ್ಳುತ್ತಾಳಂತೆ. ಇದೇ ತೊಂದರೆ ಬಾರದ ಹಾಗೆ ಏನು ನೋಡಿ ಕೊಳ್ಳಬೇಕು?

ಉತ್ತರ: 'ಪರದೆಯನ್ನು ಹಿಂದೆ ಮುಂದೆ ಮಾಡಿದರೆ ಒಮ್ಮೊಮ್ಮೆ ಬರುತ್ತದೆ' ಅಂತ ಬರೆದಿದ್ದೀರಿ. ಅದನ್ನು ಓದಿದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಡ್ರೈವರ್ ಅನ್ನುವುದು ಕ್ಯಾಮೆರಾವನ್ನು ನಡೆಸುವ ಒಂದು ಪ್ರೋಗ್ರಾಂ. ಪರದೆ ಎಷ್ಟು ಬಾಗಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಅಲ್ಲಾಡಿಸಿದರೆ ವಾಸಿಯಾಗುವ ಕಾಯಿಲೆ ವೈರಿನದ್ದು, ಅಲ್ವಾ? ಮೂರು ತಿಂಗಳು ಕೆಲಸ ಮಾಡಿದೆ ಅಂದರೆ ಡ್ರೈವರ್ ನಿಮ್ಮ ಲ್ಯಾಪ್‌ಟಾಪ್ ಒಳಗೆ ಇದೆ ಅಂತಲೇ ಅರ್ಥ. ವಿಂಡೋಸ್ ಹಾಕಿಸಲು ದುಡ್ಡು ಕೊಡಬೇಡಿ. ಹಾಕಿಸಿದರೂ ಕ್ಯಾಮೆರಾ ಹೀಗೇ ಇರುತ್ತದೆ.

ನಾನು ಹೇಳಿದೆ ಅಂತ ಸುಮ್ನೆ ನಂಬುವುದು ಬೇಡ, ನೀವೇ ಪರೀಕ್ಷೆ ಮಾಡಿ. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಟರ್ಮಿನಲ್ ತೆರೆದುಕೊಳ್ಳುತ್ತದೆ. ಅಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಎಲ್, ಎಸ್, ಯು, ಎಸ್, ಬಿ ಅಂತ ಐದು ಅಕ್ಷರ ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಐದಾರು ಸಾಲು ಬರುತ್ತವೆ. ಒಂದೊಂದು ಸಾಲೂ ಒಂದೊಂದು ಯುಎಸ್‌ಬಿ ಸಾಧನ: ಮೌಸ್, ಬ್ಲೂಟೂತ್, ಪೆನ್ ಡ್ರೈವ್ ಹಾಕಿದ್ದರೆ ಅದು. ಕ್ಯಾಮೆರಾ ಕೂಡ ಅಲ್ಲೇ ಇರಬೇಕು. ಬಹಳ ಲ್ಯಾಪ್‌ಟಾಪ್‌ಗಳಲ್ಲಿ 'ಇಂಟಿಗ್ರೇಟೆಡ್ ಕ್ಯಾಮೆರಾ' ಅಥವಾ 'ಎಚ್‌ಡಿ ವೆಬ್‌ಕ್ಯಾಮ್' ಅಂತ ಇರುತ್ತದೆ. ಕೆಲವದರಲ್ಲಿ ಚಿಕೋನಿ, ಬೈಸನ್ ಅಂತ ಹೆಸರಿರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಒಳಗಿನ ಕ್ಯಾಮೆರಾ ಮಾಡುವವರು ಬೇರೆ.

ಈಗ ಪರದೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಅದೇ ಐದಕ್ಷರ ಇನ್ನೊಮ್ಮೆ ಕೊಡಿ. ಮೇಲ್ಬಾಣದ ಕೀ ಒತ್ತಿದರೆ ಹಿಂದೆ ಟೈಪ್ ಮಾಡಿದ್ದು ತಾನೇ ಬರುತ್ತದೆ. ಮುಂದಕ್ಕೆ ತನ್ನಿ, ಮತ್ತೊಮ್ಮೆ ಕೊಡಿ. ಆ ಸಾಲು ಒಮ್ಮೆ ಬಂದು ಒಮ್ಮೆ ಮಾಯವಾದರೆ ತೀರ್ಮಾನ ಆದ ಹಾಗೆ: ಹಿಂಜ್, ಅಂದರೆ ಪರದೆ ಮಡಚುವ ಕೀಲಿನ ಮೂಲಕ ಹೋಗುವ ಕ್ಯಾಮೆರಾ ಕೇಬಲ್ ಸಡಿಲಾಗಿದೆ ಅಥವಾ ಒಳಗೆ ಕಿತ್ತಿದೆ.

ಸಾಲು ಬರುವುದೇ ಇಲ್ಲ ಅನ್ನಿ. ಆಗ ಲ್ಯಾಪ್‌ಟಾಪ್ ಬಿಚ್ಚಿಸುವ ಮೊದಲು ಕೀಬೋರ್ಡಿನ ಮೇಲಿನ ಸಾಲು ನೋಡಿ. ಯಾವುದಾದರೂ ಕೀ ಮೇಲೆ ಕ್ಯಾಮೆರಾ ಚಿತ್ರಕ್ಕೆ ಗೀಟು ಹಾಕಿದ ಗುರುತು ಇದೆಯಾ? ಕೆಲವು ಮಾದರಿಗಳಲ್ಲಿ ಅದನ್ನು ಒತ್ತಿದರೆ ಕ್ಯಾಮೆರಾಕ್ಕೆ ಹೋಗುವ ಕರೆಂಟೇ ನಿಲ್ಲುತ್ತದೆ, ಕಂಪ್ಯೂಟರಿಗೆ ಕ್ಯಾಮೆರಾ ಇದ್ದದ್ದೇ ಮರೆತುಹೋಗುತ್ತದೆ. ಮಕ್ಕಳ ಕೈ ತಾಗಿ ಇದು ಆಗುವುದು ಜಾಸ್ತಿ. ಹಾಗೆಯೇ ಪರದೆಯ ಮೇಲಂಚಿನಲ್ಲಿ ಕ್ಯಾಮೆರಾ ಮುಚ್ಚುವ ಸಣ್ಣ ಜಾರುಬಾಗಿಲು ಇದ್ದರೆ ಅದನ್ನೂ ನೋಡಿ. ಅದು ಮುಚ್ಚಿದ್ದರೆ ಬಹಳ ಸಲ ಚಿತ್ರ ಬರೀ ಕಪ್ಪಾಗಿ ಬರುತ್ತದೆ.

ಇನ್ನು ಮಳೆಗಾಲದಲ್ಲೇ ಯಾಕೆ ಶುರುವಾಯಿತು ಅನ್ನುವುದು. ಪರದೆಯ ಮೇಲಂಚಿನೊಳಗೆ ಒಂದು ಸಣ್ಣ ಹಸಿರು ಬೋರ್ಡ್ ಇರುತ್ತದೆ. ಅಗಲ ಕಿರುಬೆರಳಿಗಿಂತ ಕಡಿಮೆ. ನಡುವೆ ಮಸೂರ, ಪಕ್ಕದಲ್ಲಿ ಒಂದು ಚಿಪ್, ತುದಿಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕನೆಕ್ಟರ್. ಕ್ಯಾಮೆರಾದ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ನಾಲ್ಕೇ ವೈರ್. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಕೂದಲೆಳೆಯಂಥ ಈ ವೈರ್‌ಗಳು ಪರದೆಯ ಕೇಬಲ್ ಜೊತೆ ಹಿಂಜ್ ಸುತ್ತಿ ಕೆಳಗಿಳಿಯುತ್ತವೆ. ಮುಚ್ಚಳ ತೆಗೆದಾಗ, ಮುಚ್ಚಿದಾಗ ಅಲ್ಲೇ ಮಡಚುತ್ತವೆ. ಆರೇಳು ವರ್ಷದಲ್ಲಿ ಸಾವಿರಾರು ಸಲ ಮಡಚಿರುತ್ತವೆ. ಅದರ ಮೇಲೆ ನಮ್ಮ ಮಲೆನಾಡಿನ ಥಂಡಿ.

ಒಂದು ಆಷಾಢದಲ್ಲಿ ಆಗುಂಬೆ ಕಡೆಯಿಂದ ನನ್ನ ಹತ್ತಿರ ಇಂಥದ್ದೇ ಒಂದು ಲ್ಯಾಪ್‌ಟಾಪ್ ಬಂತು. ಪರದೆಯ ಚೌಕಟ್ಟು ಬಿಡಿಸಿ ಕನೆಕ್ಟರ್ ಕಿತ್ತು ಭೂತಕನ್ನಡಿಯಲ್ಲಿ ನೋಡಿದೆ. ನಾಲ್ಕು ಪಿನ್‌ಗಳಲ್ಲಿ ಒಂದರ ಬುಡಕ್ಕೆ ಹಸಿರು ಕಿಲುಬು ಹಿಡಿದಿತ್ತು, ಬಳಸದೆ ಬಿಟ್ಟ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಥೇಟ್ ಅದೇ. ಮಸೂರದ ಮುಂದಿನ ಪ್ಲಾಸ್ಟಿಕ್ ಕಿಟಕಿಯ ಒಳಮೈಗೂ ಬೂಷ್ಟು ಬಂದಿತ್ತು. ಅವರಿಗೆ ಒಂದು ತಿಂಗಳಿಂದ ಎಲ್ಲರ ಮುಖವೂ ಮಂಜಿನಲ್ಲಿ ಕಂಡಂತೆ ಕಾಣುತ್ತಿತ್ತಂತೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಿನ್ ಒರೆಸಿದೆ, ಕಿಟಕಿ ಒರೆಸಿದೆ, ಕನೆಕ್ಟರ್ ಮತ್ತೆ ಒತ್ತಿ ಕೂರಿಸಿದೆ. ಅಷ್ಟೇ ಕೆಲಸ. ಒಂದೇ ಒಂದು ಡ್ರೈವರ್ ಹಾಕಲಿಲ್ಲ.

ನೀವೂ ಅಂಗಡಿಗೆ ಹೋದಾಗ 'ಕ್ಯಾಮೆರಾ ಬರುತ್ತಿಲ್ಲ' ಅಂತ ಹೇಳಬೇಡಿ. 'ಪರದೆ ಬಾಗಿಸಿದರೆ ಯುಎಸ್‌ಬಿ ಪಟ್ಟಿಯಿಂದ ಕ್ಯಾಮೆರಾ ಹೋಗುತ್ತಿದೆ, ಹಿಂಜ್ ಹತ್ತಿರದ ಕೇಬಲ್ ಮತ್ತು ಮೇಲಿನ ಕನೆಕ್ಟರ್ ನೋಡಿ' ಅಂತ ಹೇಳಿ. ಮುಂದೆ ಕೂತು ಪಟ್ಟಿಯನ್ನು ತೋರಿಸಿ. ಆಗ ಡ್ರೈವರ್ ಮಾತು ಬರುವುದಿಲ್ಲ. ಕೇಬಲ್ ಸಿಗಲಿಲ್ಲ ಅಂದರೂ ಚಿಂತೆಯಿಲ್ಲ. ಹೊರಗಿನಿಂದ ಚುಚ್ಚುವ ಸಾಮಾನ್ಯ ಯುಎಸ್‌ಬಿ ವೆಬ್‌ಕ್ಯಾಮ್ ಒಂದನ್ನು ತನ್ನಿ. ಚುಚ್ಚಿದ ಕೂಡಲೇ ಮಿಂಟ್‌ನಲ್ಲಿ ಕೆಲಸ ಮಾಡುತ್ತದೆ. ಮತ್ತೆ, ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಬ್ಯಾಗಿನೊಳಗೆ ಮುಚ್ಚಿಡಬೇಡಿ. ದಿನಾ ಅರ್ಧ ಗಂಟೆ ಚಾಲೂ ಮಾಡಿದರೆ ಅದರ ಬಿಸಿಗೆ ಒಳಗಿನ ತೇವ ಆರುತ್ತದೆ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರನ್ನೂ ಕಂಡಿದ್ದೇನೆ. ಅದು ಅಡಿಕೆಗೆ ಸರಿ, ಕಂಪ್ಯೂಟರಿಗೆ ಅಲ್ಲ. ಹೊಗೆಯ ಜಿಡ್ಡು ಮಸೂರಕ್ಕೆ ಕೂರುತ್ತದೆ.

ಯಾವ ಸಿಡಿಯೂ ಇಲ್ಲದೆ ವೆಬ್‌ಕ್ಯಾಮ್ ಹೇಗೆ ಕೆಲಸ ಮಾಡುತ್ತದೆ ಅಂತ ನಿಮಗೆ ಅನ್ನಿಸಬಹುದು. 'ಲಿನಕ್ಸ್‌ಗೆ ಡ್ರೈವರ್ ಇಲ್ಲ' ಅನ್ನುವ ಮಾತಿಗೂ ಒಂದು ಹಿನ್ನೆಲೆ ಇದೆ. ಇಪ್ಪತ್ತು ವರ್ಷದ ಹಿಂದೆ ಅದು ನಿಜವೇ ಆಗಿತ್ತು. ಆಗ ಒಂದೊಂದು ಚಿಪ್ ಕಂಪನಿಯ ಕ್ಯಾಮೆರಾವೂ ಒಂದೊಂದು ಭಾಷೆ ಮಾತಾಡುತ್ತಿತ್ತು. ವಿಂಡೋಸ್‌ಗೆ ಮಾತ್ರ ಸಿಡಿ ಕೊಡುತ್ತಿದ್ದರು. ಭಾಷೆಯ ವಿವರ ಕೇಳಿದರೆ ಕೊಡುತ್ತಿರಲಿಲ್ಲ. ಆ ಕಾಲದಲ್ಲಿ ಫ್ರಾನ್ಸಿನ ಮಿಶೆಲ್ ಷಾರ್ ಅನ್ನುವವರು ಹೆಚ್ಚುಕಡಿಮೆ ಒಬ್ಬರೇ ಕೂತು, ಕ್ಯಾಮೆರಾ ಏನು ಮಾತಾಡುತ್ತದೆ ಅಂತ ಗಮನಿಸಿ ಗಮನಿಸಿ ಡ್ರೈವರ್ ಬರೆದರು. ವೃತ್ತಿಯಲ್ಲಿ ಅವರು ವೈದ್ಯರು. ಇನ್ನೂರಕ್ಕೂ ಹೆಚ್ಚು ಮಾದರಿಯ ವೆಬ್‌ಕ್ಯಾಮ್‌ಗಳು ಅವರ ಒಂದು ಡ್ರೈವರ್‌ನಿಂದ ಲಿನಕ್ಸ್‌ನಲ್ಲಿ ಕಣ್ಣು ಬಿಟ್ಟವು. ಜಿಎಸ್‌ಪಿಸಿಎ ಅಂತ ಅದರ ಹೆಸರು. 2008ರಲ್ಲಿ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಸೇರಿತು, ಇವತ್ತಿಗೂ ಅಲ್ಲಿದೆ. ಮಾಡಿದ ಕಂಪನಿಯೇ ಮರೆತ ಎಷ್ಟೋ ಕ್ಯಾಮೆರಾಗಳನ್ನು ಅದು ಈಗಲೂ ನಡೆಸುತ್ತದೆ. ರೋಗಿಗಳನ್ನು ನೋಡುವ ಕೆಲಸದ ನಡುವೆ ಒಬ್ಬರು ಇಷ್ಟು ಮಾಡಿದ್ದಾರಲ್ಲ ಅಂತ ನೆನೆದಾಗೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚಾಗುತ್ತದೆ.

ಅಷ್ಟರಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಯುಎಸ್‌ಬಿ ಕ್ಯಾಮೆರಾಗಳೆಲ್ಲ ಒಂದೇ ಭಾಷೆ ಮಾತಾಡಲಿ ಅಂತ 2003ರಲ್ಲಿ ಒಂದು ಪದ್ಧತಿ ಬಂತು. ಯುಎಸ್‌ಬಿ ವಿಡಿಯೊ ಕ್ಲಾಸ್ ಅಂತ ಅದರ ಹೆಸರು, ಚಿಕ್ಕದಾಗಿ ಯುವಿಸಿ. ವಿಂಡೋಸ್ ವಿಸ್ಟಾ ಕಾಲದಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಮುದ್ರೆ ಬೇಕಾದ ಕ್ಯಾಮೆರಾಗಳು ಇದನ್ನು ಪಾಲಿಸಬೇಕು ಅಂದಿತು. ಕಂಪನಿಗಳೆಲ್ಲ ಇತ್ತ ತಿರುಗಿದವು. ಲಿನಕ್ಸ್‌ಗೆ ಈ ಪದ್ಧತಿಯ ಡ್ರೈವರ್ ಬರೆದವರು ಲೋರಾಂ ಪಿನ್ಶಾರ್. ಅದರ ಹೆಸರು ಯುವಿಸಿವಿಡಿಯೊ. 2008ರ ಜುಲೈಯಲ್ಲಿ ಬಂದ ಕರ್ನಲ್ 2.6.26ರಿಂದ ಅದು ಪ್ರತಿ ಲಿನಕ್ಸ್‌ನಲ್ಲೂ ಕೂತೇ ಬರುತ್ತದೆ. ನೀವು ಎಲ್ಲಿಂದಲೂ ತರಬೇಕಾಗಿಲ್ಲ, ಹಾಕಬೇಕಾಗಿಲ್ಲ. ನಿಮ್ಮ ಮಗ ಮಿಂಟ್ ಹಾಕಿದ ದಿನವೇ ಅದೂ ಬಂದಿದೆ.

ಹಾಗಂತ ಎಲ್ಲ ಸಲೀಸಾಗಿ ನಡೆಯಲಿಲ್ಲ. ಆ ದಿನಗಳ ನನ್ನ ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ಹಾಕಿದರೆ ನನ್ನ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಡ್ರೈವರ್ ಕೆಟ್ಟಿದೆ ಅಂತ ನಾನೂ ಒಂದು ವಾರ ಹುಡುಕಿದೆ. ಕೊನೆಗೆ ಗೊತ್ತಾಗಿದ್ದು, ಕಾರ್ಖಾನೆಯಲ್ಲೇ ಕ್ಯಾಮೆರಾ ಬೋರ್ಡನ್ನು ತಿರುವಿ ಕೂರಿಸಿದ್ದರು. ವಿಂಡೋಸ್‌ಗೆ ಕೊಟ್ಟ ಪ್ರೋಗ್ರಾಂ ಚಿತ್ರವನ್ನು ಮತ್ತೆ ತಿರುಗಿಸಿ ತೋರಿಸುತ್ತಿತ್ತು. ಲಿನಕ್ಸ್‌ಗೆ ಅದನ್ನು ಯಾರೂ ಹೇಳಿರಲಿಲ್ಲ. ಆಮೇಲೆ ಹಾನ್ಸ್ ಡಿ ಗೋಡ ಅನ್ನುವವರು ಇಂಥ ಲ್ಯಾಪ್‌ಟಾಪ್ ಮಾದರಿಗಳದ್ದೇ ಒಂದು ಪಟ್ಟಿ ಮಾಡಿದರು. ಬಳಸುವವರು ಒಬ್ಬೊಬ್ಬರಾಗಿ 'ನಮ್ಮದೂ ಹೀಗೇ' ಅಂತ ಬರೆದು ತಿಳಿಸಿದ ಹಾಗೆ ಪಟ್ಟಿ ಬೆಳೆಯಿತು. ಪಟ್ಟಿಯಲ್ಲಿರುವ ಮಾದರಿ ಕಂಡರೆ ಲಿನಕ್ಸ್ ತಾನೇ ಚಿತ್ರ ತಿರುಗಿಸುತ್ತದೆ. ಒಬ್ಬರು ಬರೆದು ತಿಳಿಸಿದ ತೊಂದರೆ ಸಾವಿರ ಜನಕ್ಕೆ ಬಾರದಂತೆ ನಿಲ್ಲುತ್ತದೆ. ನಾನು ಇವತ್ತಿಗೂ ಲಿನಕ್ಸ್ ಬಿಡದಿರುವುದು ಇದಕ್ಕೇ.

ಇನ್ನು ನಿಮ್ಮ ಎರಡನೆಯ ಮಾತು. ಮೊದಲು ಕಪ್ಪು ಪಟ್ಟಿ, ಅದು ಸುಲಭ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಅಂದರೆ ಸೆಕೆಂಡಿಗೆ 50 ಸುತ್ತು, ಒಂದೊಂದು ಸುತ್ತಿನಲ್ಲೂ ಎರಡು ಸಲ ಏರಿಳಿತ. ಹಾಗಾಗಿ ಟ್ಯೂಬ್‌ಲೈಟು, ಕೆಲವು ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ ಕ್ಯಾಮೆರಾ ಆದರೆ ಎರಡರ ತಾಳ ತಪ್ಪಿ ಪಟ್ಟಿ ಜಾರುತ್ತದೆ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಜಿಯುವಿಸಿವ್ಯೂ ಅಂತ ಒಂದು ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆದರೆ ಕ್ಯಾಮೆರಾದ ಎಲ್ಲ ಗುಂಡಿಗಳೂ ಕಾಣುತ್ತವೆ. 'ಪವರ್ ಲೈನ್ ಫ್ರೀಕ್ವೆನ್ಸಿ' ಅನ್ನುವುದನ್ನು 50ಕ್ಕೆ ತನ್ನಿ. ಪಟ್ಟಿ ನಿಲ್ಲುತ್ತದೆ.

ಚಿತ್ರ ತಡೆಯುವುದಕ್ಕೆ ಸಡಿಲ ಕೇಬಲ್ ಒಂದು ಕಾರಣ. ಅದು ಸರಿಹೋದ ಮೇಲೂ ತಡೆದರೆ ಇನ್ನೆರಡು ಕಾರಣಗಳಿವೆ. ಒಂದು ಬೆಳಕಿನದ್ದು. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯಬೇಕು ಅಂದರೆ ಒಂದೊಂದಕ್ಕೆ ಸೆಕೆಂಡಿನ 30ರಲ್ಲಿ ಒಂದು ಭಾಗ ಮಾತ್ರ ಸಮಯ. ಹೆಂಚಿನ ಮನೆ, ಸಣ್ಣ ಕಿಟಕಿ, ಹೊರಗೆ ಜಡಿಮಳೆ. ನಡುಮನೆಯಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕುವ ಕತ್ತಲು. ಅಷ್ಟು ಬೆಳಕಿನಲ್ಲಿ ಚಿತ್ರ ಮೂಡಬೇಕಾದರೆ ಕ್ಯಾಮೆರಾ ಜಾಸ್ತಿ ಹೊತ್ತು ಕಣ್ಣು ತೆರೆದಿರಬೇಕು. ಹಾಗಾಗಿ ಅದು 30 ಬಿಟ್ಟು 15ಕ್ಕೆ, 10ಕ್ಕೆ ಇಳಿಯುತ್ತದೆ. ಇದಕ್ಕೆ ಮದ್ದು ದೀಪ. ಜಗಲಿಯ ಬಾಗಿಲಿಗೆ ಬೆನ್ನು ಹಾಕಿ ಕೂರಬೇಡಿ, ಬಾಗಿಲ ಕಡೆ ಮುಖ ಮಾಡಿ. ಸಂಜೆಯಾದರೆ ಲ್ಯಾಪ್‌ಟಾಪಿನ ಹಿಂದೆ, ನಿಮ್ಮ ಮುಖಕ್ಕೆ ಬೀಳುವ ಹಾಗೆ ಒಂದು ಬಲ್ಬ್ ಇಡಿ. ಮೊಮ್ಮಗಳಿಗೆ ಅಜ್ಜಿ ತಾತನ ಮುಖ ಸರಿಯಾಗಿ ಕಾಣುವುದೂ ಆಗಲೇ.

ಇನ್ನೊಂದು ಲೆಕ್ಕದ್ದು. 1280ಕ್ಕೆ 720 ಚುಕ್ಕಿಗಳ ಒಂದು ಚಿತ್ರಕ್ಕೆ, ಚುಕ್ಕಿಗೆ ಎರಡು ಬೈಟ್‌ನಂತೆ, 18 ಲಕ್ಷ ಬೈಟ್ ಬೇಕು. ಸೆಕೆಂಡಿಗೆ 30 ಅಂದರೆ ಐದೂವರೆ ಕೋಟಿ. ಒಳಗಿನ ಕ್ಯಾಮೆರಾಗಳು ಸಾಮಾನ್ಯವಾಗಿ ಯುಎಸ್‌ಬಿ 2 ಮೇಲೆ ಇರುತ್ತವೆ. ಅಲ್ಲಿ ಇಂಥ ಕೆಲಸಕ್ಕೆ ಒಂದು ಸಾಧನಕ್ಕೆ ಸಿಗುವ ಜಾಗ ಹೆಚ್ಚೆಂದರೆ ಸೆಕೆಂಡಿಗೆ ಎರಡೂವರೆ ಕೋಟಿ ಬೈಟ್‌ನ ಒಳಗೆ. ಸಣ್ಣ ಓಣಿಯಲ್ಲಿ ಎರಡು ಅಡಿಕೆ ಲಾರಿ ಹೋಗಲಾರವು. ಅದಕ್ಕೇ ಕ್ಯಾಮೆರಾ ಚಿತ್ರವನ್ನು ಕುಗ್ಗಿಸಿ ಕಳಿಸುವ ಇನ್ನೊಂದು ವಿಧಾನ ಇಟ್ಟುಕೊಂಡಿರುತ್ತದೆ. ಜಿಯುವಿಸಿವ್ಯೂನಲ್ಲಿ ಅದು ಎಂಜೆಪಿಜಿ ಅಂತ ಕಾಣುತ್ತದೆ. ಕುಗ್ಗಿಸದೆ ಕಳಿಸುವ ವೈಯುವೈವಿ ಅಂತ ಇದ್ದರೆ ಅದನ್ನು ಎಂಜೆಪಿಜಿಗೆ ಬದಲಿಸಿ ನೋಡಿ. ಆಗ ಚಿತ್ರ ಸರಾಗವಾಗಿ ಓಡಿದರೆ ಕ್ಯಾಮೆರಾ ಗಟ್ಟಿಯಾಗಿದೆ. ಆದರೂ ವಿಡಿಯೊ ಕರೆಯಲ್ಲಿ ಮಾತ್ರ ತಡೆದರೆ ಅದು ನೆಟ್‌ವರ್ಕಿನ ತೊಂದರೆ. ಮತ್ತೊಂದು ಮಾತು: ಕ್ಯಾಮೆರಾವನ್ನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದು ಪ್ರೋಗ್ರಾಂ ಮಾತ್ರ ಬಳಸಬಹುದು. ಜಿಯುವಿಸಿವ್ಯೂ ಮುಚ್ಚಿದ ಮೇಲೇ ಕರೆ ಮಾಡಿ.

ಈಗ ಮಗಳ ಹೊಸ ಲ್ಯಾಪ್‌ಟಾಪ್. ಇಲ್ಲಿ ನಾನು ನಿಮಗೆ ಗಟ್ಟಿಯಾಗಿ ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ಆ ಅಂಗಡಿಯವರ ಮಾತು ಹಳೆಯ ಲ್ಯಾಪ್‌ಟಾಪಿಗೆ ತಪ್ಪಾದರೂ ಕೆಲವು ಹೊಸ ಲ್ಯಾಪ್‌ಟಾಪ್‌ಗಳಿಗೆ ಅರ್ಧ ಸರಿ.

ಇದುವರೆಗೆ ಹೇಳಿದ ಯುಎಸ್‌ಬಿ ಕ್ಯಾಮೆರಾದಲ್ಲಿ ಮಸೂರದ ಪಕ್ಕದ ಆ ಸಣ್ಣ ಚಿಪ್ಪೇ ಅಡುಗೆ ಮುಗಿಸಿ ಬಡಿಸುತ್ತದೆ. ಬಣ್ಣ, ಬೆಳಕು ಎಲ್ಲ ಸರಿಮಾಡಿ ಸಿದ್ಧವಾದ ಚಿತ್ರ ಕೊಡುತ್ತದೆ. 2020ರಿಂದ ಈಚೆಗೆ ಬಂದ, ಇಂಟೆಲ್ ಪ್ರೊಸೆಸರ್ ಇರುವ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ದುಬಾರಿಯವುಗಳಲ್ಲಿ, ಆ ಚಿಪ್ ಇಲ್ಲ. ಬೆಳಕು ಹಿಡಿಯುವ ಸೆನ್ಸರ್ ಮಾತ್ರ ಇರುತ್ತದೆ. ಮೊಬೈಲ್ ಫೋನಿನ ಹಾಗೆ ಮಿಪಿ ಅನ್ನುವ ಬೇರೆ ದಾರಿಯಲ್ಲಿ ಹಸಿ ಮಾಹಿತಿಯನ್ನು ನೇರ ಪ್ರೊಸೆಸರಿಗೆ ಕಳಿಸುತ್ತದೆ. ಅಲ್ಲಿ ಐಪಿಯು6 ಅನ್ನುವ ಭಾಗ ಅದನ್ನು ಬೇಯಿಸಬೇಕು. ಇದಕ್ಕೆ ಸೆನ್ಸರಿನ ಡ್ರೈವರ್ ಬೇಕು, ಅದಕ್ಕೆ ಕರೆಂಟ್ ಹೇಗೆ ಕೊಡಬೇಕು ಅನ್ನುವ ವಿವರ ಬೇಕು, ಬಣ್ಣ ಬೆಳಕಿನ ಲೆಕ್ಕಾಚಾರ ಬೇಕು. ಲೆಕ್ಕಾಚಾರದ ಭಾಗವನ್ನು ಇಂಟೆಲ್ ಪೂರ್ತಿ ತೆರೆದು ಕೊಡಲಿಲ್ಲ. ಹಾಗಾಗಿ ಲಕ್ಷ ಕೊಟ್ಟು ಲ್ಯಾಪ್‌ಟಾಪ್ ತಂದು ಲಿನಕ್ಸ್ ಹಾಕಿದವರ ಕ್ಯಾಮೆರಾ ವರ್ಷಗಟ್ಟಲೆ ಕತ್ತಲಲ್ಲಿತ್ತು. ಇದು ನನಗೆ ಈಗಲೂ ಬೇಸರದ ಸಂಗತಿ.

ಈಗ ಪರಿಸ್ಥಿತಿ ಸುಧಾರಿಸುತ್ತಿದೆ. ಹಸಿ ಮಾಹಿತಿಯನ್ನು ಒಳಗೆ ತರುವ ಭಾಗ 2024ರ ಜುಲೈಯಲ್ಲಿ ಬಂದ ಕರ್ನಲ್ 6.10ರಲ್ಲಿ ಸೇರಿತು. ಅದನ್ನು ಚಿತ್ರ ಮಾಡುವ ಕೆಲಸವನ್ನು ಲಿಬ್‌ಕ್ಯಾಮೆರಾ ಅನ್ನುವ ಮುಕ್ತ ತಂತ್ರಾಂಶ ಬರೀ ಪ್ರೋಗ್ರಾಂ ಬಲದಿಂದಲೇ ಮಾಡುತ್ತದೆ. ಅದನ್ನು ಶುರುಮಾಡಿದವರಲ್ಲಿ ಆ ಯುವಿಸಿವಿಡಿಯೊ ಬರೆದ ಪಿನ್ಶಾರ್ ಅವರೇ ಮುಖ್ಯರು. ಐಪಿಯು6 ಕೆಲಸದಲ್ಲಿ, ತಲೆಕೆಳಗಾದ ಮುಖಗಳನ್ನು ನೆಟ್ಟಗೆ ಮಾಡಿದ ಹಾನ್ಸ್ ಡಿ ಗೋಡ ಅವರ ಪಾಲೂ ದೊಡ್ಡದು. ಮಿಂಟ್‌ನಂತೆಯೇ ಇನ್ನೊಂದು ಲಿನಕ್ಸ್ ಆದ ಫೆಡೊರಾದಲ್ಲಿ 41ನೇ ಆವೃತ್ತಿಯಿಂದ ಇದು ಜೋಡಿಸಿಯೇ ಬರುತ್ತದೆ, ಕೆಲವು ಮಾದರಿಗಳು ಹಾಕಿದ ದಿನವೇ ಕೆಲಸ ಮಾಡುತ್ತವೆ. ಆದರೂ ಚಿತ್ರದ ಗುಣ ಯುಎಸ್‌ಬಿ ಕ್ಯಾಮೆರಾದಷ್ಟು ಎಲ್ಲ ಕಡೆ ಬಂದಿಲ್ಲ, ಎಲ್ಲ ಸೆನ್ಸರ್‌ಗೂ ಡ್ರೈವರ್ ಇಲ್ಲ. ಓದುವ ಮಗುವಿಗೆ ಈ ರಗಳೆ ಬೇಡ. ಯುಎಸ್‌ಬಿ ಕ್ಯಾಮೆರಾ ಇರುವುದನ್ನೇ ಕೊಡಿಸಿ.

ಅದನ್ನು ಅಂಗಡಿಯಲ್ಲೇ ನೋಡಬಹುದು. ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನ ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕ್ಯಾಮೆರಾ ಹೆಸರಿನ ಮೇಲೆ ಎರಡು ಸಲ ಒತ್ತಿ, ಡೀಟೇಲ್ಸ್ ಅನ್ನುವಲ್ಲಿ ಹೋಗಿ, ಹಾರ್ಡ್‌ವೇರ್ ಐಡಿ ಆರಿಸಿ. ಅಲ್ಲಿ ಬರುವ ಸಾಲು ಯುಎಸ್‌ಬಿ ಅಂತ ಶುರುವಾದರೆ ನಿಶ್ಚಿಂತೆಯಿಂದ ಕೊಳ್ಳಿ. ಕ್ಯಾಮೆರಾದ ಹೆಸರಿನಲ್ಲಿ 'ಎವಿಸ್ಟ್ರೀಮ್' ಅಂತ ಕಂಡರೆ ಅದು ಮಿಪಿ, ಬೇರೆ ಮಾದರಿ ತೋರಿಸಿ ಅನ್ನಿ. ಎಎಂಡಿ ಪ್ರೊಸೆಸರ್ ಇರುವ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ, ಇಂಟೆಲ್‌ನ ಸಾಧಾರಣ ಬೆಲೆಯವುಗಳಲ್ಲೂ, ಕ್ಯಾಮೆರಾ ಯುಎಸ್‌ಬಿಯದ್ದೇ. ಇದಕ್ಕಿಂತ ಒಳ್ಳೆಯದು, ಮಗ ಮುಂದಿನ ಸಲ ಊರಿಗೆ ಬಂದಾಗ ಮಿಂಟ್ ಇರುವ ಪೆನ್ ಡ್ರೈವ್ ಮಾಡಿಸಿಕೊಳ್ಳಿ. ಅಂಗಡಿಯವರು ಒಪ್ಪಿದರೆ ಏನನ್ನೂ ಅಳಿಸದೆ ಅದರಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡಿ, ದುಡ್ಡು ಕೊಡುವ ಮೊದಲೇ ಕ್ಯಾಮೆರಾ, ವೈಫೈ, ಸ್ಪೀಕರ್ ಮೂರನ್ನೂ ನೋಡಿಬಿಡಬಹುದು.

ಸದ್ಯಕ್ಕೆ ಆ ಐದಕ್ಷರದ ಪರೀಕ್ಷೆ ಇವತ್ತೇ ಮಾಡಿ. ಪರದೆ ನೆಟ್ಟಗಿದ್ದಾಗ ಒಂದು, ಹಿಂದಕ್ಕೆ ಬಾಗಿಸಿದಾಗ ಒಂದು, ಹೀಗೆ ಎರಡು ಫೋಟೊ ಮೊಬೈಲಿನಲ್ಲಿ ತೆಗೆದು ನನಗೆ ಕಳಿಸಿ. ಕ್ಯಾಮೆರಾದ ಸಾಲು ಎರಡರಲ್ಲೂ ಅಲ್ಲಾಡದೆ ನಿಂತಿದ್ದರೆ ನನ್ನ ಊಹೆ ತಪ್ಪು ಅಂತ ಆಗುತ್ತದೆ. ಆಗ ಕರ್ನಲ್ ಏನು ಹೇಳುತ್ತಿದೆ ಅಂತ ನೋಡೋಣ, ಅದಕ್ಕೆ ಕೊಡಬೇಕಾದ ಆಜ್ಞೆಯನ್ನು ಬರೆದು ಕಳಿಸುತ್ತೇನೆ.